ಗೇಟಿನ ಮುಂದೆ ಹೇಳಬೇಕಾದ ಹೆಸರು

ಕಾಮಾಕ್ಷಿಪಾಳ್ಯದ ವಿದ್ಯಾಸೋಪಾನ ಪ್ರಾಥಮಿಕ ಶಾಲೆಗೆ ಮಕ್ಕಳ ಸುರಕ್ಷತೆ, ನಡವಳಿಕೆ ಮತ್ತು ಹವಾಮಾನದ ವಿಪರೀತಗಳನ್ನು ಕುರಿತ ಲಿಖಿತ ನಿಯಮಾವಳಿಯೊಂದು ಇರಲೇಬೇಕೆಂದು ಆಡಳಿತ ಮಂಡಳಿ ತೀರ್ಮಾನಿಸಿದಾಗ, ಅದನ್ನು ಬರೆಯುವ ಹೊಣೆಯನ್ನು ಗುರುಬಸಪ್ಪನವರು ಯಾರೂ ಕೇಳುವ ಮೊದಲೇ ಒಪ್ಪಿಕೊಂಡುಬಿಟ್ಟರು. ಅವರು ನಿವೃತ್ತ ಕನ್ನಡ ಪಂಡಿತರು. ಮೊಮ್ಮಗಳು ದೀಪ್ತಿ ಅದೇ ಶಾಲೆಯ ಎರಡನೆಯ ತರಗತಿಯಲ್ಲಿ ಓದುತ್ತಿದ್ದುದರಿಂದ ಪೋಷಕರ ಪ್ರತಿನಿಧಿಯೆಂದು ಮಂಡಳಿಯಲ್ಲಿ ಅವರಿಗೊಂದು ಕುರ್ಚಿಯೂ ಇತ್ತು. ಸುತ್ತಮುತ್ತಲ ಶಾಲೆಗಳು ಎಲ್ಲಿಂದಲೋ ಇಳಿಸಿಕೊಂಡ ಇಂಗ್ಲಿಷ್ ಹಾಳೆಗಳನ್ನು ನೋಟಿಸ್ ಬೋರ್ಡಿಗೆ ಅಂಟಿಸಿ ಕೈತೊಳೆದುಕೊಂಡಿದ್ದರೆ, ಗುರುಬಸಪ್ಪನವರು ಬೇಸಿಗೆ ರಜೆಯುದ್ದಕ್ಕೂ ಊಟದ ಮೇಜನ್ನು ಆಕ್ರಮಿಸಿಕೊಂಡು, ನಾಲ್ಕು ಅಧ್ಯಾಯಗಳ ಗ್ರಂಥವನ್ನೇ ರಚಿಸಿದರು. ಅಷ್ಟು ದಿನವೂ ಮನೆಮಂದಿಯೆಲ್ಲ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಂಡರು.

“ಓಟವು ಮೈದಾನಕ್ಕೆ ಸಲ್ಲುವುದೇ ಹೊರತು ಮೆಟ್ಟಿಲುಗಳಿಗೆ ಸಲ್ಲದು” ಎಂಬುದು ನಡವಳಿಕೆಯ ಅಧ್ಯಾಯದ ಮೊದಲ ವಾಕ್ಯ. “ಒಬ್ಬರ ಕೊಡೆಯನ್ನು ಮತ್ತೊಬ್ಬರು ಖಡ್ಗವೆಂದು ಭಾವಿಸತಕ್ಕದ್ದಲ್ಲ” ಎಂಬುದು ಎರಡನೆಯದು. ಇದನ್ನು ಬೆಳಗಿನ ಪ್ರಾರ್ಥನೆಯಲ್ಲಿ ಗಟ್ಟಿಯಾಗಿ ಓದಿಸುವ ತನಕ, ಕೊಡೆಯಲ್ಲಿ ಅಂಥದೊಂದು ಗುಣ ಅಡಗಿದೆಯೆಂದು ಶಾಲೆಯ ಒಂದು ಮಗುವಿಗೂ ಹೊಳೆದಿರಲಿಲ್ಲ. ಅಂದು ಮಧ್ಯಾಹ್ನದ ಊಟದ ಬಿಡುವಿನಲ್ಲೇ ಮೂರನೆಯ ತರಗತಿಯವರು ಎರಡು ಸೈನ್ಯಗಳಾಗಿ ನಿಂತರು. ಕಾರಿಡಾರಿನ ತುಂಬ ಕೊಡೆಯ ಕಡ್ಡಿಗಳು ಬಿದ್ದವು. ಬಿಸಿಲುಕಾಲಕ್ಕೆಂದು ಅವರು ವಿಧಿಸಿದ ನೀರಿನ ಗಂಟೆಯ ಕಥೆಯೂ ಹೀಗೆಯೇ. ಗಂಟೆ ಬಾರಿಸಿದೊಡನೆ ಮಕ್ಕಳೆಲ್ಲ ಶಿಸ್ತಾಗಿ ನೀರು ಕುಡಿದರು. ತುಸು ಹೊತ್ತಿಗೆ ಇಡೀ ಶಾಲೆ ಅಷ್ಟೇ ಶಿಸ್ತಾಗಿ ಶೌಚಾಲಯದ ಮುಂದೆ ಬಂದು ನಿಂತಿತು. ಗುರುಬಸಪ್ಪನವರು ಎದೆಗುಂದಲಿಲ್ಲ. ಅದಕ್ಕೊಂದು ಬೇರೆ ಗಂಟೆಯನ್ನು ಸೇರಿಸಿ, ಅಧ್ಯಾಯವನ್ನು ಪರಿಷ್ಕರಿಸಿದರು.

ಆದರೆ ಅವರ ಹೆಮ್ಮೆಯ ಶಿಖರವಿದ್ದುದು ಮಳೆಯ ಅಧ್ಯಾಯದಲ್ಲಿ. ಹಿಂದಿನ ವರ್ಷ ಜೋರು ಮಳೆಯ ಒಂದು ಸಂಜೆ, ಪಕ್ಕದ ಮನೆಯವರು ಒಳ್ಳೆಯ ಮನಸ್ಸಿನಿಂದಲೇ ಒಂದು ಮಗುವನ್ನು ಕರೆದುಕೊಂಡು ಹೋಗಿದ್ದರಿಂದ, ಹೆತ್ತ ತಾಯಿ ಮಾಗಡಿ ರಸ್ತೆಯುದ್ದಕ್ಕೂ ಅಳುತ್ತ ಅಲೆದಿದ್ದಳು. ಅಂಥದು ಮರುಕಳಿಸಬಾರದೆಂದು ಗುರುಬಸಪ್ಪನವರು ಸಂಕೇತಪದದ ವ್ಯವಸ್ಥೆಯನ್ನು ಕಂಡುಹಿಡಿದರು. ಪ್ರತಿಯೊಂದು ಮನೆಯವರೂ ತಮಗಿಷ್ಟವಾದ ಒಂದು ಪದವನ್ನು ಶಾಲೆಗೆ ಕೊಟ್ಟಿರಬೇಕು. ಮಳೆಯ ದಿನ ಮಗುವನ್ನು ಕರೆದೊಯ್ಯಲು ಬಂದವರು ಯಾರೇ ಆಗಲಿ, ಗೇಟಿನಲ್ಲಿರುವ ಆಯಾ ಅಣ್ಣಮ್ಮನಿಗೆ ಆ ಪದವನ್ನು ಹೇಳಬೇಕು. ಹೇಳಿದರೆ ಮಗು, ಇಲ್ಲದಿದ್ದರೆ ಇಲ್ಲ. ಯಾವ ಸಂದಿಯೂ ಉಳಿಯದಂತೆ ಅವರು ಎಲ್ಲವನ್ನೂ ಬಿಗಿದಿದ್ದರು. ಪದವನ್ನು ಚೀಟಿಯಲ್ಲಿ ಬರೆದು ತೋರಿಸುವಂತಿಲ್ಲ, ಏಕೆಂದರೆ ಚೀಟಿ ಕೈ ಬದಲಾಯಿಸಬಲ್ಲದು. ದೂರವಾಣಿಯಲ್ಲಿ ಕೇಳಿಸುವ ಧ್ವನಿಯನ್ನು ನಂಬುವಂತಿಲ್ಲ. “ಪರಿಚಯವು ಪ್ರಮಾಣವಲ್ಲ” ಎಂಬ ವಾಕ್ಯವನ್ನು ಬರೆದ ದಿನ ಅವರು ಅದನ್ನು ಹೆಂಡತಿ ಯಶೋದಮ್ಮನವರಿಗೆ ಓದಿಹೇಳಿ, ಎರಡನೆಯ ಲೋಟ ಕಾಫಿ ಕೇಳಿ ಪಡೆದಿದ್ದರು.

ತಮ್ಮ ಮನೆಯ ಸಂಕೇತಪದವೆಂದು ಅವರು ಕೊಟ್ಟದ್ದು ತಮ್ಮದೇ ಹೆಸರನ್ನು. ಅದೂ ಬಿಡಿಯಾಗಿ ಅಲ್ಲ, “ಪಂಡಿತ ಗುರುಬಸಪ್ಪ” ಎಂದು. ನಿಯಮವನ್ನು ಬರೆದವನ ಹೆಸರನ್ನು ಮನೆಯಲ್ಲಿ ಯಾರು ತಾನೇ ಮರೆತಾರು ಎಂಬುದು ಅವರ ವಾದವಾಗಿತ್ತು.

ಮಂಡಳಿಯ ಕಾರ್ಯದರ್ಶಿ ಸಿದ್ದಲಿಂಗೇಶ್‌ಗೆ ಈ ಗ್ರಂಥ ಮೊದಲಿನಿಂದಲೂ ಹಿಡಿಸಿರಲಿಲ್ಲ. ಲೇತ್ ವರ್ಕ್‌ಶಾಪ್ ನಡೆಸುತ್ತಿದ್ದ ಅವರಿಗೆ ಯಾವುದೇ ಕೆಲಸ ಒಂದು ಗುಂಡಿ ಒತ್ತಿದರೆ ಆಗಬೇಕು.

“ಮೇಷ್ಟ್ರೇ, ಎಲ್ಲರ ಮೊಬೈಲಿಗೂ ಒಂದು ಆ್ಯಪ್ ಹಾಕ್ಸಿದ್ರೆ ಮುಗೀತು. ನೀವು ನೋಡಿದ್ರೆ ಮಿಲಿಟ್ರಿ ಕ್ಯಾಂಪ್ ಥರ ಮಾಡಿಟ್ಟಿದೀರ.”

“ಆ್ಯಪ್‌ಗೆ ಚಾರ್ಜ್ ಬೇಕು ಸಿದ್ದಲಿಂಗೇಶ್. ಮಾತಿಗೆ ಬೇಡ.”

“ಸರಿ, ಒಂದು ಕೆಲ್ಸ ಮಾಡೋಣ. ಮೊದಲ್ನೇ ಜೋರು ಮಳೆ ಬರಲಿ. ಒಂದೇ ಒಂದು ಮನೆಗೂ ವಿನಾಯ್ತಿ ಕೊಡದೆ ನಿಮ್ಮ ನಿಯಮ ನಡೆದ್ರೆ, ಪುಸ್ತಕ ಪಾಸು. ಒಬ್ಬರಿಗೆ ಕೊಟ್ರೂ ಆ್ಯಪ್.”

ಮುಖ್ಯೋಪಾಧ್ಯಾಯಿನಿ ಬಸವರಾಜೇಶ್ವರಿಯವರು ನಡುವೆ ಕುಳಿತು ಇಬ್ಬರಿಗೂ ತಲೆಯಾಡಿಸಿದರು. ಗುರುಬಸಪ್ಪನವರು ಒಪ್ಪಿದರು. ತಮ್ಮ ವ್ಯಾಕರಣಶುದ್ಧ ವಾಕ್ಯಗಳನ್ನು ಯಾವ ಮಳೆ ತಾನೇ ಕೊಚ್ಚಿಕೊಂಡು ಹೋದೀತು ಎಂಬ ಧೈರ್ಯ ಅವರದು.

ಆ ಮಳೆ ಸೆಪ್ಟೆಂಬರಿನ ಒಂದು ಮಧ್ಯಾಹ್ನ ಬಂತು. ಮರುದಿನವೇ ಮಂಡಳಿಯ ಸಭೆ. ಗುರುಬಸಪ್ಪನವರು ನಿಯಮಾವಳಿಗೆ ಕ್ಯಾಲಿಕೋ ಬಟ್ಟೆಯ ಬೈಂಡ್ ಹಾಕಿಸಲು ವಿಜಯನಗರಕ್ಕೆ ಹೋಗಿದ್ದರು. ಬೆಳಿಗ್ಗೆ ಬಿಸಿಲಿದ್ದುದರಿಂದ ಕೊಡೆಯನ್ನು ಮನೆಯಲ್ಲೇ ಬಿಟ್ಟಿದ್ದರು. ಮಳೆಯ ಅಧ್ಯಾಯದ ಮೂರನೆಯ ವಾಕ್ಯ, “ಮೋಡವಿಲ್ಲದ ದಿನವೂ ಕೊಡೆಯು ಜೊತೆಗಿರತಕ್ಕದ್ದು” ಎಂಬುದು, ಆ ಹೊತ್ತಿಗೆ ಬೈಂಡಿನ ಒಳಗೆ ಬೆಚ್ಚಗಿತ್ತು.

ಅವರು ಹತ್ತಿದ ಬಸ್ಸು ಮಾಗಡಿ ರಸ್ತೆಯ ಟೋಲ್‌ಗೇಟಿನ ಹತ್ತಿರ ಬಂದು ನಿಂತಿತು. ಮುಂದೆ ಕಣ್ಣು ಹಾಯುವಷ್ಟು ದೂರ ಕೆಂಪು ದೀಪಗಳು. ಕೆಳಗೆ ರಸ್ತೆ ಎಂಬುದಿದ್ದ ಕಡೆ ಕಂದು ನೀರು. ಮಗ ಸೊಸೆ ಇಬ್ಬರೂ ಆಫೀಸಿನಲ್ಲಿ. ಶಾಲೆ ಬಿಡುವ ಹೊತ್ತು. ಗುರುಬಸಪ್ಪನವರು ಮನೆಗೆ ಫೋನು ಮಾಡಿದರು.

“ಯಶೋದಾ, ನಾನು ಇಲ್ಲಿ ಸಿಕ್ಕಿಹಾಕ್ಕೊಂಡಿದೀನಿ. ದೀಪ್ತೀನ ನೀನೇ ಹೋಗಿ ಕರ್ಕೊಂಡು ಬಾ.”

“ಆಯ್ತು, ಹೊರಟೆ. ಅದೇನೋ ಗುಟ್ಟಿನ ಮಾತು ಹೇಳ್ಬೇಕು ಅಂತಿದ್ರಲ್ಲ, ಏನದು?”

“ಅಷ್ಟೂ ಗೊತ್ತಾಗ್ಲಿಲ್ವೆ? ನನ್ನ ಹೆಸರೇ. ಪಂಡಿತ ಅಂತ ಸೇರಿಸಿ ಹೇಳು.”

ಆ ಕಡೆ ಮಾತೇ ಇಲ್ಲ. “ಹಲೋ, ಹಲೋ” ಎಂದು ಎರಡು ಸಲ ಕೂಗಿ, ಮಳೆಗೆ ನೆಟ್‌ವರ್ಕ್ ಹೋಯಿತೆಂದು ನಿಟ್ಟುಸಿರಿಟ್ಟು, ಅವರು ಫೋನನ್ನು ಜೇಬಿಗಿಟ್ಟುಕೊಂಡರು.

ಆಗ ಕಂಡಕ್ಟರು ಬಾಗಿಲಲ್ಲಿ ನಿಂತು ಸಾರಿದ: “ಬಸವೇಶ್ವರನಗರದವರು ಇಳ್ಕೊಂಡು ನಡ್ಕೊಂಡ್ ಹೋಗೋದೇ ವಾಸಿ. ಗಾಡಿ ಇನ್ನು ಹೋಗಲ್ಲ.”

ಬಸವೇಶ್ವರನಗರ ಎಂಬ ಶಬ್ದ ಕಿವಿಗೆ ಬಿದ್ದೊಡನೆ ಗುರುಬಸಪ್ಪನವರು ಸೀಟಿನಿಂದ ಎದ್ದು ನಿಂತರು. ಫೋನಿನಲ್ಲಿ ಹೋದದ್ದು ನೆಟ್‌ವರ್ಕ್ ಅಲ್ಲ.

ಯಶೋದಮ್ಮನವರು ಮದುವೆಯಾದಂದಿನಿಂದ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿದವರಲ್ಲ. ಹೇಳಿದರೆ ಗಂಡನ ಆಯಸ್ಸು ಸವೆಯುತ್ತದೆಂದು ಅವರ ಅಜ್ಜಿ ಹೇಳಿಕೊಟ್ಟಿದ್ದರು. ಈ ಒಂದು ವಿಷಯದಲ್ಲಿ ಅವರು ವೈದ್ಯರ ಮಾತನ್ನೂ ನಂಬುವವರಲ್ಲ. ಹೆಸರನ್ನಷ್ಟೇ ಅಲ್ಲ, ಹೆಸರಿನ ನೆರಳು ಬಿದ್ದುದನ್ನೂ ಅವರು ಬಿಟ್ಟಿದ್ದರು. ಇಷ್ಟು ವರ್ಷ ಬಸವೇಶ್ವರನಗರದಲ್ಲೇ ಸಂಸಾರ ಮಾಡಿದರೂ ಬಸ್ಸಿನಲ್ಲಿ ಅಲ್ಲಿನ ಹಾವನೂರು ಸರ್ಕಲ್ಲಿನ ಹೆಸರು ಹೇಳಿಯೇ ಟಿಕೆಟ್ ಕೇಳಿದವರು. ಬಸವನಗುಡಿ ಅವರಿಗೆ ಕಡ್ಲೆಕಾಯಿ ಪರಿಷೆ ನಡೆಯುವ ಕಡೆ. ಬಸಳೆ ಸೊಪ್ಪು ಬಳ್ಳಿ ಸೊಪ್ಪು. ಮುಖ್ಯೋಪಾಧ್ಯಾಯಿನಿ ಬಸವರಾಜೇಶ್ವರಿ ಕೂಡ ಬರಿಯ ದೊಡ್ಡ ಮೇಡಂ. ಇದೆಲ್ಲ ಗುರುಬಸಪ್ಪನವರಿಗೆ ಗೊತ್ತಿಲ್ಲದ್ದೇನೂ ಅಲ್ಲ. ಆದರೆ ಉಸಿರಾಡುವುದು ನೆನಪಿನಲ್ಲಿರದ ಹಾಗೆ, ನಿಯಮ ಬರೆಯುವಾಗ ಇದೂ ನೆನಪಿಗೆ ಬಂದಿರಲಿಲ್ಲ.

ಗ್ರಂಥವನ್ನು ಅಂಗಿಯೊಳಗೆ ತೂರಿಸಿಕೊಂಡು, ಪಂಚೆಯನ್ನು ಮೇಲಕ್ಕೆ ಕಟ್ಟಿ ಅವರು ನೀರಿಗಿಳಿದರು. ಸ್ವಲ್ಪ ದೂರ ನಡೆಯುವಷ್ಟರಲ್ಲಿ ಬಸವರಾಜೇಶ್ವರಿಯವರ ಫೋನು ಬಂತು. ಮುಚ್ಚಿದ ಅಂಗಡಿಯೊಂದರ ಸೂರಿನ ಕೆಳಗೆ ನಿಂತು ಕಿವಿಗಿಟ್ಟುಕೊಂಡರು.

“ಸಾರ್, ಯಶೋದಮ್ಮನೋರು ಬಂದಿದಾರೆ. ಪದ ಹೇಳ್ತಿಲ್ಲ. ಶಿವನ ಮುಂದೆ ಕೂತಿರ್ತಾನಲ್ಲ ಅವನು, ಅಂತಾರೆ. ಕಡ್ಲೆಕಾಯಿ ಪರಿಷೆ ಯಾವ ಗುಡಿ ಹತ್ರ ನಡೆಯುತ್ತೆ ಹೇಳು, ಅಂತ ಅಣ್ಣಮ್ಮನನ್ನೇ ಕೇಳಿದ್ರು.”

“ಅದಕ್ಕೆ ಅಣ್ಣಮ್ಮ ಏನಂದಳು?”

“ಪ್ರಶ್ನೆ ಕೇಳೋದು ನನ್ ಕೆಲ್ಸ, ನಿಮ್ದಲ್ಲ ಅಂದ್ಲು ಸಾರ್. ನೀವೇ ಹಾಗಂತ ತಾನೆ ಅವಳಿಗೆ ಟ್ರೈನಿಂಗ್ ಕೊಟ್ಟಿದ್ದು? ಈಗ ಏನ್ ಮಾಡ್ಲಿ? ಸಿದ್ದಲಿಂಗೇಶ್ ಸಾರ್ ಬೇರೆ ಇಲ್ಲೇ ಕುರ್ಚಿ ಹಾಕ್ಕೊಂಡು ಕೂತಿದಾರೆ.”

“ಫೋನ್ ಯಶೋದಾಗೆ ಕೊಡಿ.”

ಫೋನು ಕೈ ಬದಲಾಯಿತು. ತಗಡಿನ ಮೇಲೆ ಮಳೆ ಬಡಿಯುವ ಸದ್ದಿನ ನಡುವೆ ಯಶೋದಮ್ಮನವರ ಶಾಂತವಾದ ಧ್ವನಿ ಕೇಳಿಸಿತು.

“ರೀ, ಒಂದು ಹೇಳಿ. ನಿಮಗೆ ನಿಮ್ಮ ಆಯಸ್ಸು ಬೇಕೋ, ನಿಮ್ಮ ನಿಯಮ ಬೇಕೋ?”

ಇಂಥ ಪ್ರಶ್ನೆಗೆ ಯಾವ ಗಂಡಸಾದರೂ ಥಟ್ಟನೆ ಉತ್ತರಿಸಬಹುದಿತ್ತು. ಗುರುಬಸಪ್ಪನವರು ಅಂಗಿಯೊಳಗಿದ್ದ ಬೈಂಡನ್ನು ಒಮ್ಮೆ ಮುಟ್ಟಿನೋಡಿಕೊಂಡರು.

“ಯೋಚನೆ ಮಾಡಿ ಹೇಳ್ತೀನಿ,” ಎಂದರು.

“ಮಾಡಿ, ಮಾಡಿ. ಮಗು ಅಲ್ಲಿವರೆಗೂ ಇಲ್ಲೇ ಇರುತ್ತೆ,” ಎಂದು ಯಶೋದಮ್ಮನವರು ಫೋನಿಟ್ಟರು.

ಗುರುಬಸಪ್ಪನವರು ಆ ವಯಸ್ಸಿನವರು ನಡೆಯಬಾರದಷ್ಟು ವೇಗವಾಗಿ ನಡೆದರು. ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸ್‌ನಿಂದ ಬಿಟ್ಟ ಹೆಂಗಸರು ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು ಬರುತ್ತಿದ್ದರು. ಅವರಲ್ಲೊಬ್ಬಳು “ತಾತ, ಗುಂಡಿ ಐತೆ, ಪಕ್ಕಕ್ಕೆ ಬನ್ನಿ” ಎಂದು ತೋಳು ಹಿಡಿದು ದಾಟಿಸಿದಳು. ತಾವು ಹೋಗಿ ಒಂದು ಮಾತು ಕೂಗಿದರೆ ಸಾಕು, ಮಗುವೂ ಹೊರಬರುತ್ತದೆ, ನಿಯಮವೂ ಉಳಿಯುತ್ತದೆ, ಆಯಸ್ಸೂ ಉಳಿಯುತ್ತದೆ ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕಿದರು.

ಶಾಲೆಯ ಬೀದಿಗೆ ತಿರುಗಿದಾಗ ಕಂಡ ನೋಟಕ್ಕೆ ಅವರು ಎದುರಿನ ಬೇಕರಿಯ ಸೂರಿನ ಕೆಳಗೇ ನಿಂತುಬಿಟ್ಟರು. ಗೇಟಿನ ಮೇಲಣ ತಗಡಿನ ಮೇಲೆ ಮಳೆ ತಮಟೆ ಬಾರಿಸುತ್ತಿತ್ತು. ಸಂಕೇತಪದವನ್ನು ಅಣ್ಣಮ್ಮನ ಕಿವಿಯಲ್ಲಿ ಪಿಸುಗುಟ್ಟತಕ್ಕದ್ದೆಂದು ಅವರು ಬರೆದಿದ್ದರೇನೋ ನಿಜ. ಪಿಸುಮಾತು ಆ ಸದ್ದಿನಲ್ಲಿ ಅಣ್ಣಮ್ಮನ ಕಿವಿ ಮುಟ್ಟುತ್ತಿರಲಿಲ್ಲ.

“ಕೇಳಿಸ್ತಿಲ್ಲಣ್ಣ, ಜೋರಾಗ್ ಹೇಳಿ,” ಎಂದು ಅವಳು ಕೂಗುತ್ತಿದ್ದಳು.

ಹೀಗಾಗಿ ಇಡೀ ಬಡಾವಣೆಯ ಗುಟ್ಟುಗಳು ಗಂಟಲು ಹರಿಯುವಂತೆ ಹೊರಬೀಳುತ್ತಿದ್ದವು. “ಮೈಸೂರ್ ಪಾಕ್,” ಎಂದಳು ಒಬ್ಬ ತಾಯಿ. “ಹೆಗ್ಗನಹಳ್ಳಿ ಸೈಟು,” ಎಂದ ಒಬ್ಬ ಆಟೋದವನು, ಅವನ ಹಿಂದಿದ್ದ ತಮ್ಮ “ಯಾವ ಸೈಟು?” ಎಂದು ಕೇಳಿ, ಅಣ್ಣತಮ್ಮಂದಿರ ನಡುವೆ ಬೇರೆಯೇ ಮಾತು ಶುರುವಾಯಿತು. ಮೊಟ್ಟೆಯ ವಾಸನೆಗೂ ಮೂಗು ಮುಚ್ಚಿಕೊಳ್ಳುವವರೆಂದು ಹೆಸರಾದ ಗೃಹಸ್ಥರೊಬ್ಬರು “ಚಿಕನ್ ಕಬಾಬ್” ಎಂದು ಕೂಗಿ, ಕೊಡೆಯನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡು ಮಗುವನ್ನು ಎಳೆದುಕೊಂಡು ನಡೆದರು. ಆದರೆ ಒಂದು ಮಾತನ್ನು ಒಪ್ಪಲೇಬೇಕು: ಪದ ಹೇಳದೆ ಒಂದು ಮಗುವೂ ಗೇಟು ದಾಟಿರಲಿಲ್ಲ, ದಾಟಿದ ಪ್ರತಿಯೊಂದು ಮಗುವೂ ತನ್ನ ಮನೆಯವರ ಕೈಯಲ್ಲೇ ಇತ್ತು.

ಗೇಟಿನ ಒಂದು ಪಕ್ಕಕ್ಕೆ ಯಶೋದಮ್ಮನವರು ನಿಂತಿದ್ದರು. ಅವರ ಕೈಯಲ್ಲಿದ್ದುದು ಗುರುಬಸಪ್ಪನವರ ಕೊಡೆ. ತರಗತಿಯ ಕಿಟಕಿಯ ಸರಳಿಗೆ ಕೆನ್ನೆ ಒತ್ತಿ ನಿಂತಿದ್ದ ದೀಪ್ತಿ ಒಳಗಿನಿಂದ ಕೂಗಿದಳು:

“ಅಜ್ಜೀ, ತುಂಬಾ ಈಸಿ ಇದೆ. ತಾತನ ಹೆಸರು ಹೇಳು, ಅಷ್ಟೇ.”

ಈಗ ನೆರೆದವರಿಗೆಲ್ಲ ಸಂಕೇತಪದ ಗೊತ್ತಾಯಿತು. ಹೇಳಬೇಕಾದವರೊಬ್ಬರು ಮಾತ್ರ ಹೇಳುವಂತಿರಲಿಲ್ಲ. ಆಟೋದವನಿಗೆ ಕನಿಕರ ಬಂತು.

“ಅಣ್ಣಮ್ಮಕ್ಕ, ಬೇಕಾದ್ರೆ ನಾನೇ ಹೇಳ್ತೀನಿ. ನಮ್ ಮೇಷ್ಟ್ರ ಹೆಸರು ಯಾರಿಗ್ ಗೊತ್ತಿಲ್ಲ?”

“ನೀನು ಹೇಳಿದ್ರೆ ಮಗೂನ ನಿನ್ ಜೊತೇಲೆ ಕಳಿಸ್ಬೇಕಾಗುತ್ತೆ. ಸಾಕ್ತೀಯಾ?” ಎಂದಳು ಅಣ್ಣಮ್ಮ.

ಆಟೋದವನು ಹಿಂದೆ ಸರಿದ. ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕುಳಿತಿದ್ದ ಸಿದ್ದಲಿಂಗೇಶ್ ಆಗ ಮಾತೆತ್ತಿದರು. ಅವರ ದನಿಯಲ್ಲಿ ಬೆಣ್ಣೆಯಿತ್ತು.

“ಪಾಪ, ದೊಡ್ಡೋರು, ಎಷ್ಟೊತ್ತು ಅಂತ ನಿಲ್ತಾರೆ? ಮೇಷ್ಟ್ರ ಮನೇಗೇ ಮೊದಲ್ನೇ ವಿನಾಯ್ತಿ ಕೊಟ್ಬಿಡಿ ಮೇಡಂ. ನಾಳೆ ಮೀಟಿಂಗಲ್ಲಿ ಆ ಪುಸ್ತಕಕ್ಕೂ ಒಂದು ವಿನಾಯ್ತಿ ಕೊಟ್ಟು ಕಳಿಸಿಬಿಡೋಣ.”

ಬಸವರಾಜೇಶ್ವರಿಯವರು ಅಣ್ಣಮ್ಮನತ್ತ ನೋಡಿದರು. ಅಣ್ಣಮ್ಮನ ಕೈ ಗೇಟಿನ ಚಿಲಕದ ಮೇಲೆ ಹೋಯಿತು. ಗುರುಬಸಪ್ಪನವರು ರಸ್ತೆಗೆ ಒಂದು ಹೆಜ್ಜೆ ಇಟ್ಟು, ಕೂಗಲೆಂದು ಬಾಯಿ ತೆರೆದರು. ತಮ್ಮದೇ ಹೆಸರು, ತಮ್ಮದೇ ಬಾಯಿ; ಕಷ್ಟವೇನಿತ್ತು? ಅಷ್ಟರಲ್ಲಿ ಯಶೋದಮ್ಮನವರು “ತಡಿ ಅಣ್ಣಮ್ಮ” ಎಂದು ಕೊಡೆಯನ್ನು ಮಡಿಚಿದರು.

ತೆರೆದ ಬಾಯಿ ಹಾಗೆಯೇ ಮುಚ್ಚಿಕೊಂಡಿತು. ಯಾವ ಹೆಸರನ್ನು ಹಾಜರಿ ಕರೆಯುವವರಿಂದ ಹಿಡಿದು ಸನ್ಮಾನ ಮಾಡುವವರವರೆಗೆ ಎಲ್ಲರ ಬಾಯಲ್ಲೂ ಕೇಳಿದ್ದರೋ, ಆ ಹೆಸರನ್ನು ಈ ಒಂದು ಬಾಯಲ್ಲಿ ಮಾತ್ರ ಅವರು ಕೇಳಿರಲಿಲ್ಲ. ಪಂಡಿತರು ಇಟ್ಟ ಹೆಜ್ಜೆಯನ್ನು ಹಿಂದಕ್ಕೆ ತೆಗೆದುಕೊಂಡು, ಮತ್ತೆ ಬೇಕರಿಯ ಸೂರಿನ ಕೆಳಗೆ ಸೇರಿದರು.

“ನಮ್ಮ ಮನೆಯೋರು ಎರಡು ತಿಂಗಳು ಕೂತು ಬರೆದಿದ್ದು ಕಣಪ್ಪ ಅದು,” ಎಂದು ಯಶೋದಮ್ಮನವರು ಸಿದ್ದಲಿಂಗೇಶ್‌ಗೆ ಹೇಳಿದರು. “ಅಷ್ಟು ದಿನವೂ ನಾವು ತಟ್ಟೆ ತೊಡೆ ಮೇಲಿಟ್ಕೊಂಡು ಉಂಡಿದೀವಿ. ಅದನ್ನ ಹೀಗೆ ಬಿಟ್ಟುಬಿಡೋಕಾಗುತ್ತಾ? ಬರಿ ಹೆಸರು ಹೇಳಬಾರದು ಅಷ್ಟೇ. ಒಗಟು ಕಟ್ಟಿ ಹೇಳಿದ್ರೆ ದೋಷ ಇಲ್ಲ. ಮದುವೆ ಮನೇಲಿ ಹೊಸ್ತಿಲ ಮೇಲೆ ನಿಲ್ಸಿ ಕೇಳಿದ್ರೆ ಹಾಗೇ ತಾನೆ ಹೇಳೋದು? ನಮ್ಮ ಮದುವೇಲಿ ನನಗೆ ನಾಚಿಕೆ ಆಗಿ ಬಾಯೇ ಬರಲಿಲ್ಲ. ಅದೊಂದು ಬಾಕಿ ಇತ್ತು.”

ಗಾರ್ಮೆಂಟ್ಸ್ ಹೆಂಗಸರು ನಿಂತರು. ಮಕ್ಕಳು ಕಿಟಕಿಗೆ ಮುತ್ತಿದರು. ಯಶೋದಮ್ಮನವರು ಸೆರಗನ್ನು ಹೊದ್ದು, ಮದುವೆಮನೆಯಲ್ಲಿ ಹೇಳುವ ರಾಗದಲ್ಲೇ, ತಗಡಿನ ಸದ್ದನ್ನು ಮೀರಿಸಿ ಹೇಳಿದರು:

“ಬಿಸಿ ಬಿಸಿ ಮುದ್ದೆಗೆ ಹಾಕಬೇಕು ತುಪ್ಪ,
ಮಳೇಲಿ ನಾ ನೆನೆದದ್ದು ಯಾರ ತಪ್ಪ?
ಊರಿಗೆಲ್ಲ ನಿಯಮ ಬರೆದು ಕೊಡೆ ಮನೇಲಿ ಮರೆತೋರು,
ನಮ್ಮ ಯಜಮಾನ್ರ ಹೆಸರು ಗುರುಬಸಪ್ಪ.”

ಗೇಟಿನ ಮುಂದಿದ್ದವರೆಲ್ಲ ಒಟ್ಟಿಗೆ ನಕ್ಕರು. ಒಳಗಿನಿಂದ ಮಕ್ಕಳು “ಯಾರ ತಪ್ಪ, ಯಾರ ತಪ್ಪ” ಎಂದು ಹಾಡತೊಡಗಿದರು. ಅಣ್ಣಮ್ಮ ಮಾತ್ರ ನಗಲಿಲ್ಲ.

“ಪಂಡಿತ ಅಂತಾನೂ ಇದೆ ಅಮ್ಮ. ಅದನ್ನ ಹೇಳ್ಲಿಲ್ಲ.”

“ಅದು ಹೆಸರಲ್ಲ ಅಣ್ಣಮ್ಮ, ಅವರು ಆಮೇಲೆ ಸೇರಿಸ್ಕೊಂಡಿದ್ದು. ಪಂಡಿತ. ಸಾಕಾ?”

“ಸಾಕು,” ಎಂದು ಅಣ್ಣಮ್ಮ ಚಿಲಕ ತೆಗೆದಳು. ಸಿದ್ದಲಿಂಗೇಶ್ ಕುರ್ಚಿಯಿಂದ ಎದ್ದು, ತಾವೇ ಅದನ್ನು ಮಡಿಚಿ ಗೋಡೆಗೆ ಒರಗಿಸಿದರು. ಗುರುಬಸಪ್ಪನವರು ಮಾತ್ರ ಬೇಕರಿಯ ಕಂಬದ ಹಿಂದೆ, ಬೆಣ್ಣೆ ಬಿಸ್ಕತ್ತಿನ ಪರಿಮಳದ ನಡುವೆ, ಯಾರೂ ನೋಡದಂತೆ ಕನ್ನಡಕ ಒರೆಸಿಕೊಂಡರು. ಕನ್ನಡಕ ಒದ್ದೆಯಾಗಿದ್ದುದು ಮಳೆಗೆಂದೇ ಹೇಳಬೇಕು.

ಅಜ್ಜಿ ಮೊಮ್ಮಗಳು ಮನೆ ಸೇರಿದ ಎಷ್ಟೋ ಹೊತ್ತಿನ ಮೇಲೆ, ಈಗಷ್ಟೇ ಬಂದವರಂತೆ, ಅವರು ಬಾಗಿಲು ತಟ್ಟಿದರು. ಯಶೋದಮ್ಮನವರು ಒಳಗೆ ಬಿಟ್ಟುಕೊಳ್ಳುವ ಮುನ್ನ ಹೊಸ್ತಿಲಲ್ಲೇ ನಿಲ್ಲಿಸಿ, ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಒಗಟಿನಲ್ಲಿ ದೋಷವಿಲ್ಲದಿದ್ದರೂ ಎಚ್ಚರಿಕೆ ಇರಲಿ ಎಂದು. ಮೆಣಸಿನ ಘಾಟಿಗೆ ಗುರುಬಸಪ್ಪನವರು ಗಟ್ಟಿಯಾಗಿ ಸೀನಿದರು.

“ನೋಡಿದ್ರಾ, ಒಂದು ಸಲ ಹೇಳಿದ್ದಕ್ಕೇ ಹೀಗೆ.”

“ಏನು ಹೇಳಿದೆ? ನನಗೇನು ಗೊತ್ತು?” ಎಂದರು ಗುರುಬಸಪ್ಪನವರು ಮುಖ ಒರೆಸಿಕೊಳ್ಳುತ್ತ. “ಬೇಕಾದರೆ ಇನ್ನೊಂದು ಸಲ ಹೇಳು, ಕೇಳೋಣ.”

“ಬೇಕರಿ ಕಂಬದ ಹಿಂದೆ ನಿಂತು ಕೇಳಿದ್ದು ಸಾಲದೇನೋ,” ಎಂದು ಯಶೋದಮ್ಮನವರು ಕಷಾಯದ ಲೋಟವನ್ನು ಅವರ ಮುಂದೆ ಕುಕ್ಕಿ ಒಳಗೆ ಹೋದರು.

ಮರುದಿನದ ಸಭೆಯಲ್ಲಿ ನಿಯಮಾವಳಿ ಅಂಗೀಕಾರವಾಯಿತು. ಅನುಮೋದಿಸಿದವರು ಸಿದ್ದಲಿಂಗೇಶ್. ಗ್ರಂಥಕರ್ತರು ತಾವೇ ಎದ್ದು ನಿಂತು ಒಂದು ತಿದ್ದುಪಡಿಯನ್ನು ಮಂಡಿಸಿದರು: “ಸಂಕೇತಪದವು ಆ ಮನೆಯ ಹಿರಿಯರಾದಿಯಾಗಿ ಪ್ರತಿಯೊಬ್ಬರ ಬಾಯಿಂದಲೂ ನಿರಾತಂಕವಾಗಿ ಹೊರಡುವಂಥದ್ದಾಗಿರತಕ್ಕದ್ದು.” ಗೇಟಿನ ಮುಂದೆ ಗುಟ್ಟುಗಳೆಲ್ಲ ಬಯಲಾಗಿದ್ದುದರಿಂದ ಎಲ್ಲ ಮನೆಗಳೂ ಹೊಸ ಪದ ಕೊಡಬೇಕೆಂದೂ ತೀರ್ಮಾನವಾಯಿತು.

ಅಂದು ಸಂಜೆ ಅವರು ಊಟದ ಮೇಜಿನ ಮೇಲೆ ಹಾಳೆ ಹರಡಿ ಮೊಮ್ಮಗಳನ್ನು ಕರೆದರು. ಯಶೋದಮ್ಮನವರು ಹಿತ್ತಲಿನಲ್ಲಿ ಬಟ್ಟೆ ತೆಗೆಯುತ್ತಿದ್ದರು.

“ಪುಟ್ಟಿ, ಈ ಸಲ ಪದ ನೀನೇ ಹೇಳು. ಯಾರಿಗೂ ಹೊಳೆಯಬಾರದು, ಅಂಥದ್ದು.”

ದೀಪ್ತಿ ಕಣ್ಣು ಮುಚ್ಚಿ ಯೋಚಿಸಿದಳು. “ನನಗೆ ಒಂಚೂರೂ ಇಷ್ಟ ಇಲ್ದೇ ಇರೋದು ಹೇಳ್ಲಾ? ಯಾರಿಗೂ ಗೊತ್ತಾಗಲ್ಲ. ಬಸಳೆ ಸೊಪ್ಪು.”

ಗುರುಬಸಪ್ಪನವರ ಲೇಖನಿ ಗಾಳಿಯಲ್ಲೇ ನಿಂತಿತು. ಅವರ ಎದುರಿಗೇ, ಇನ್ನೂ ಶಾಯಿಯ ವಾಸನೆ ಆರದ ಆ ತಿದ್ದುಪಡಿ ಬಿದ್ದಿತ್ತು. ಪ್ರತಿಯೊಬ್ಬರ ಬಾಯಿಂದಲೂ, ನಿರಾತಂಕವಾಗಿ. ಅವರು ಒಮ್ಮೆ ಹಿತ್ತಲ ಬಾಗಿಲ ಕಡೆ ನೋಡಿದರು. ಆಮೇಲೆ, ತಾವೇ ಬರೆದ ನಿಯಮವೊಂದನ್ನು ಮೊದಲ ಬಾರಿಗೆ ತಿಳಿದೂ ತಿಳಿದೂ ಮುರಿಯುತ್ತ, ದುಂಡಗಿನ ಅಕ್ಷರಗಳಲ್ಲಿ ಆ ಪದವನ್ನು ಬರೆದುಕೊಂಡರು.

“ಅಜ್ಜಿಗೂ ಹೇಳ್ಲಾ ತಾತ?”

“ಈಗಲೇ ಬೇಡಮ್ಮ. ಸಮಯ ಬಂದಾಗ ನಾನೇ ಫೋನ್ ಮಾಡಿ ಹೇಳ್ತೀನಿ,” ಎಂದು ಗುರುಬಸಪ್ಪನವರು ಕಿಟಕಿಯ ಬಳಿಗೆ ಹೋಗಿ, ಮಾಗಡಿ ರಸ್ತೆಯ ದಿಕ್ಕಿನಲ್ಲಿ ಮೋಡವೇನಾದರೂ ಇದೆಯೇ ಎಂದು ಕತ್ತೆತ್ತಿ ನೋಡಿದರು.